ಸಹಾಯ ಬೇಕು: ರೇಡಿಯೋ ಮೇಜಿಗೆ ಅರ್ಥಿಂಗ್ ಎಲ್ಲಿಂದ ಕೊಡಲಿ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬದಿಯಡ್ಕದ ಹತ್ತಿರ. ಅಟ್ಟ ಬಿಚ್ಚಿದಾಗ ಸಿಕ್ಕಿದ ಹಲಸಿನ ಹಲಗೆಗಳಿಂದ 5 ಅಡಿ ಉದ್ದದ ಮೇಜು ಮಾಡಿದ್ದೇನೆ, ರೇಡಿಯೋ ರಿಪೇರಿಗೂ 7 ಮೆಗಾಹರ್ಟ್ಸ್‌ನಲ್ಲಿ ಹ್ಯಾಮ್‌ಗಳ (ಹವ್ಯಾಸಿ ರೇಡಿಯೋದವರ) ಮಾತು ಕೇಳುವುದಕ್ಕೂ. ಗುದ್ದಿದರೂ ಅಲುಗುವುದಿಲ್ಲ, ಅಷ್ಟು ಗಟ್ಟಿಯಾಗಿ ಕೂತಿದೆ.

ತೊಂದರೆ ಗೊರಗೊರ ಸದ್ದಿನದು. ಮಾತೆಲ್ಲ ಅದರಡಿ ಮುಳುಗುತ್ತದೆ. ರೇಡಿಯೋದ ಲೋಹದ ಪೆಟ್ಟಿಗೆಗೆ ಬೆರಳು ತಾಗಿಸಿದರೆ ತಕ್ಷಣ ಅರ್ಧಕ್ಕರ್ಧ ಇಳಿಯುತ್ತದೆ! ಎಲ್‌ಇಡಿ ಟ್ಯೂಬ್ ಆರಿಸಿದೆ, ಮೊಬೈಲ್ ಚಾರ್ಜರ್ ಕಿತ್ತೆ, ವಯರಿಗೆ ಸದ್ದು ತಡೆಯುವ ಫೆರೈಟ್ ಉಂಗುರ ಹಾಕಿದೆ, ಹೆಚ್ಚು ವ್ಯತ್ಯಾಸವಾಗಲಿಲ್ಲ. 12 ವೋಲ್ಟ್ ಬ್ಯಾಟರಿಯಲ್ಲಿ ನಡೆಸಿದರೆ ಮಾತ್ರ ಸ್ವಚ್ಛವಾಗಿ ಕೇಳುತ್ತದೆ.

ಮನೆಯ ಅರ್ಥಿಂಗ್ ಇರುವುದು ಮುರಕಲ್ಲಿನ ನೆಲದಲ್ಲಿ, ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ. ಹಾಗಾಗಿ ಅಡಿಕೆ ತೋಟದ ತೇವದ ಮಣ್ಣಿನಲ್ಲಿ ತಾಮ್ರದ ಸರಳು ಹೂಳಿ, ಮೇಜಿಗೆ ಅಲ್ಲಿಂದಲೇ ತಂತಿ ಎಳೆಯಬೇಕೆಂದಿದ್ದೇನೆ. ಎರಡು ಅರ್ಥಿಂಗ್ ಬೇರೆಬೇರೆ ಇದ್ದರೆ ಶಾಕ್ ಹೊಡೆಯುವ ಅಪಾಯವಿದೆ, ಜೋಡಿಸಲೇಬೇಕು ಎನ್ನುತ್ತಾರೆ ವಯರಿಂಗ್ ಮಾಡಿದವರು. ಜೋಡಿಸಿದರೆ ಮನೆಯ ಸದ್ದೆಲ್ಲ ರೇಡಿಯೋಗೆ ಬರುತ್ತದೆ ಎನ್ನುತ್ತಾನೆ ಗೆಳೆಯ.

ಮನೆಯಲ್ಲಿ ಮಕ್ಕಳಿದ್ದಾರೆ, ಊಹೆಯ ಮೇಲೆ ಮಾಡಲಾರೆ. ಹೊಸ ಸರಳನ್ನು ಮನೆಯ ಅರ್ಥಿಂಗ್‌ಗೆ ಜೋಡಿಸಬೇಕೇ, ಬೇಡವೇ? ಜೋಡಿಸುವುದಾದರೆ ಸದ್ದು ತಡೆಯುವುದು ಹೇಗೆ? ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.