ಮಗಳಿಗೆ ಎರಡು ನಡುಹೆಸರು: ಅಜ್ಜಿಯದು, ಅಪ್ಪನದು, ಕೊನೆಗೆ ಊರು. ಪಾಸ್‌ಪೋರ್ಟಿನಲ್ಲಿ ಹಿಡಿಸುತ್ತಾ?

ದುರ್ಗದ_ಹುಡುಗಿ
ಮಗು ಹುಟ್ಟಿದ್ದು ಬೆಂಗಳೂರಲ್ಲಿ. ಜನನ ನೋಂದಣಿ ಆಗಿದೆ, ಹೆಸರಿನ ಜಾಗ ಇನ್ನೂ ಖಾಲಿ. ಕರೆಯೋ ಹೆಸರು ಇಂಚರ. ನಡುವೆ ಅತ್ತೆಯವರ ಹೆಸರು ಪುಟ್ಟಲಕ್ಷ್ಮಮ್ಮ ಮತ್ತು ಯಜಮಾನರ ಹೆಸರು ಮಂಜುನಾಥ ಬರಲಿ, ಕೊನೆಗೆ ಹೊಳಲ್ಕೆರೆ ಇರಲಿ ಅಂತ ಆಸೆ. ‘ಎಚ್.ಎಂ. ಇಂಚರ ಅಂತ ಬರೆಸಿ, ಸಾಕು’ ಅಂತಾರೆ ಮಾವ. ಮುಂದಿನ ವರ್ಷ ಅಮೆರಿಕಕ್ಕೆ ಹೊರಡ್ತೀವಿ. ಮಗುವಿನದು ರೋಹಿಣಿ ನಾಲ್ಕನೇ ಪಾದ, ‘ವು’ ಅಕ್ಷರದ ಹೆಸರೂ ದಾಖಲೆಯಲ್ಲಿ ಇರಬೇಕಾ?

ಫಾರಂ_ರಾಯರು
ಇನಿಷಿಯಲ್ ಬೇಡ ಮೇಡಂ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಅದನ್ನು ಬಿಡಿಸಿಯೇ ಬರೆಯಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಪಾಸ್‌ಪೋರ್ಟಿಗೆ ಹುಟ್ಟಿದ ದಿನಾಂಕದ ಪುರಾವೆ ಜನನ ಪ್ರಮಾಣಪತ್ರ ಮಾತ್ರ. ಹಾಗಾಗಿ ಅದರಲ್ಲಿ ‘ಎಚ್.ಎಂ.’ ಅಂತಿದ್ದರೆ ತೊಡಕು ಅಲ್ಲಿಂದಲೇ ಶುರು.

ಈಗ ಉದ್ದದ ಲೆಕ್ಕ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಹೆಸರಿಗೆ 39 ಸ್ಥಾನ. ಸರ್‌ನೇಮ್ ಆದ ಮೇಲೆ 2 ‘<’ ಗುರುತು, ಉಳಿದ ಹೆಸರುಗಳ ನಡುವೆ ಒಂದೊಂದು. ಇಂಗ್ಲಿಷ್ ಕಾಗುಣಿತದಲ್ಲಿ ಹೊಳಲ್ಕೆರೆ 9, ಇಂಚರ 7, ಪುಟ್ಟಲಕ್ಷ್ಮಮ್ಮ 15, ಮಂಜುನಾಥ 10. ಗುರುತುಗಳೂ ಸೇರಿ 45, ಅಂದರೆ ಬಾಲ ಕತ್ತರಿಸಿಹೋಗುತ್ತದೆ. ಅಜ್ಜಿಯ ಹೆಸರನ್ನು ‘ಲಕ್ಷ್ಮಿ’ ಮಾಡಿಕೊಂಡರೆ 37, ಸಲೀಸಾಗಿ ಕೂರುತ್ತದೆ.

ನಮ್ಮ ಪಾಸ್‌ಪೋರ್ಟಿನಲ್ಲಿ ನಡುಹೆಸರಿಗೆ ಬೇರೆ ಕಾಲಂ ಇಲ್ಲ. ‘ಇಂಚರ ಲಕ್ಷ್ಮಿ ಮಂಜುನಾಥ’ ಪೂರ್ತಿ ಗಿವನ್ ನೇಮ್‌ಗೆ ಹೋಗಲಿ, ‘ಹೊಳಲ್ಕೆರೆ’ ಸರ್‌ನೇಮ್‌ಗೆ. ಸರ್‌ನೇಮ್ ಮಾತ್ರ ಖಾಲಿ ಬಿಡಬೇಡಿ. ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಅಂತ ಅಚ್ಚಾಗುತ್ತದೆ. ಆಮೇಲೆ ಮಗು ಶಾಲೆಯಲ್ಲೂ ಎಫ್‌ಎನ್‌ಯು.

ಬಾಳೆಎಲೆ
‘ವು’ ಹೆಸರಿನ ತಲೆಬಿಸಿ ಬಿಡಿ. ನಾಮಕರಣದಲ್ಲಿ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ ಅಂತ ತಟ್ಟೆಯ ಅಕ್ಕಿಯ ಮೇಲೆ ಬರೆಸುತ್ತಾರಲ್ಲ, ಅವುಗಳಲ್ಲಿ ಕಚೇರಿಗೆ ಬೇಕಾದ್ದು ಕೊನೆಯದೊಂದೇ. ನಕ್ಷತ್ರನಾಮ ಸಂಕಲ್ಪಕ್ಕೆ, ಜಾತಕಕ್ಕೆ ಇರಲಿ.

ಆದರೆ ಪುಟ್ಟಲಕ್ಷ್ಮಮ್ಮನವರನ್ನು ಬರೀ ಲಕ್ಷ್ಮಿ ಮಾಡುವುದು ನನಗೆ ಒಗ್ಗಲಿಲ್ಲ. ಲಕ್ಷ್ಮಿ ಯಾರ ಮನೆಯಲ್ಲಿಲ್ಲ? ಅಜ್ಜಿಯ ಹೆಸರು ಇಡುವುದಾದರೆ ಇಡಿಯಾಗಿ ಇಡಿ, ಊರನ್ನು ಬಿಡಿ. ಮಂಜುನಾಥ ಸರ್‌ನೇಮ್ ಆಗಲಿ.

ಡಲ್ಲಾಸ್_ಕನ್ನಡಿಗ
ಅದೂ 35 ಸ್ಥಾನದಲ್ಲಿ ಹಿಡಿಸುತ್ತದೆ ಸರ್, ಆದರೆ ಆಗ ನಡುಹೆಸರು ಒಂದೇ ಆಯ್ತು. ಅವರು ಕೇಳಿದ್ದು ಎರಡು. ಇನ್ನೊಂದು ಲೆಕ್ಕವೂ ಇದೆ: ಇಲ್ಲಿ ಅಮೆರಿಕದಲ್ಲಿ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕಾರ್ಡಿನ ಮೊದಲ ಸಾಲಿಗೆ, ಸರ್‌ನೇಮ್ ಬಿಟ್ಟು, 26 ಸ್ಥಾನ. ‘ಇಂಚರ ಲಕ್ಷ್ಮಿ ಮಂಜುನಾಥ’ ನಡುವಿನ ಖಾಲಿ ಜಾಗವೂ ಸೇರಿ ಸರಿಯಾಗಿ 26. ‘ಇಂಚರ ಪುಟ್ಟಲಕ್ಷ್ಮಮ್ಮ ಮಂಜುನಾಥ’ 34, ಹಿಡಿಸುವುದಿಲ್ಲ.

ವಿಮಾನದ ಬೋರ್ಡಿಂಗ್ ಪಾಸಿನಲ್ಲಿ ಮೂರೂ ಹೆಸರು ಅಂಟಿಕೊಂಡು, ತುದಿ ಮೊಟಕಾಗಿ ಬಂದರೆ ಗಾಬರಿಯಾಗಬೇಡಿ, ಅದು ಮಾಮೂಲಿ. ತೊಂದರೆ ಕೊಡುವುದು ಕಾಗುಣಿತ. ಅಪ್ಪನ ಪಾಸ್‌ಪೋರ್ಟಿನಲ್ಲಿ ಮಂಜುನಾಥದ ಕೊನೆಗೆ ‘ಎ’ ಇದ್ದರೆ ಮಗುವಿಗೂ ಇರಲಿ, ಇಲ್ಲದಿದ್ದರೆ ಬೇಡ. ತಂದೆ, ತಾಯಿ, ಮಗು ಮೂವರ ಸರ್‌ನೇಮ್ ಬೇರೆ ಬೇರೆ ಇದ್ದರೆ ಪ್ರಯಾಣದಲ್ಲಿ ಜನನ ಪ್ರಮಾಣಪತ್ರದ ಪ್ರತಿ ಕೈಚೀಲದಲ್ಲೇ ಇರಲಿ.

ದುರ್ಗದ_ಹುಡುಗಿ
ಹಾಗಾದ್ರೆ ‘ಇಂಚರ ಲಕ್ಷ್ಮಿ ಮಂಜುನಾಥ ಹೊಳಲ್ಕೆರೆ’. ಅತ್ತೆಯವರನ್ನು ಮನೇಲೂ ಎಲ್ಲರೂ ಲಕ್ಷ್ಮಿ ಅಂತಾನೇ ಕರೆಯೋದು. ಹೆಸರು ಸೇರಿಸೋಕೆ ಎಷ್ಟು ಟೈಮ್ ಇದೆ?

ಫಾರಂ_ರಾಯರು
ನೋಂದಣಿಯಾದ ದಿನದಿಂದ 12 ತಿಂಗಳು ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಜನನ ಎಲ್ಲಿ ನೋಂದಣಿಯಾಗಿದೆಯೋ ಅದೇ ಕಚೇರಿಗೆ ಹೋಗಿ. ಪತ್ರದಲ್ಲಿ ಹೆಸರು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರುತ್ತದೆ. ಅಚ್ಚು ಹಾಕುವ ಮುನ್ನ ಕಂಪ್ಯೂಟರ್ ಪರದೆಯ ಮೇಲೇ ಅಕ್ಷರ ಅಕ್ಷರ ಓದಿಕೊಳ್ಳಿ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂ ಇರುವುದು ತಪ್ಪು ತಿದ್ದಲು. ಮನಸ್ಸು ಬದಲಾಯಿತು ಅಂದರೆ ಅದು ಕೆಲಸಕ್ಕೆ ಬರುವುದಿಲ್ಲ. ಆಧಾರ್, ಪಾಸ್‌ಪೋರ್ಟ್ ಎಲ್ಲ ಇದಾದ ಮೇಲೆ.