ಮಂಜನ ಮೋಟಾರಿಗೆ ಯಾರೋ ಕೈ ಹಾಕಿದ್ದಾರೆ

ಮಂಜನ ಪ್ರಕಾರ ಅವನ ಮನೆಯ ವೈಫೈ ಹ್ಯಾಕ್ ಆಗಿದೆ. ಸಂಪಿನ ಮೋಟಾರ್ ತಾನಾಗೇ ಆನ್ ಆಗುತ್ತದೆ, ಟ್ಯಾಂಕ್ ತುಂಬಿ ಸಜ್ಜಾ ಮೇಲೆಲ್ಲ ನೀರು, ಅವರಮ್ಮ ಇವನನ್ನು ಬೈಯುತ್ತಾರೆ, ಇವನು ಪಕ್ಕದ ಮನೆ ಹುಡುಗನನ್ನು ಬೈಯುತ್ತಾನೆ. ಮೋಟಾರನ್ನು ಫೋನಿನಿಂದ ಹಾಕಲು ಅವನೇ ಜೋಡಿಸಿದ್ದು ಇದು: ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ನೋಡ್‌ಎಂಸಿಯು ಬೋರ್ಡು, ಅದರಲ್ಲಿ ಇಎಸ್‌ಪಿ8266 ಚಿಪ್ಪು, ಬೋರ್ಡು ಹೇಳಿದಂತೆ ಕೇಳುವ ಪುಟ್ಟ ಸ್ವಿಚ್ಚು ಅಂದರೆ ಒಂದು ರಿಲೇ, ರಿಲೇಯಿಂದ ಮೋಟಾರಿನ ದೊಡ್ಡ ಸ್ವಿಚ್ಚಿಗೆ, ಅಂದರೆ ಕಾಂಟ್ಯಾಕ್ಟರಿಗೆ, ವೈರು. ಫೋನಿನ ಬ್ರೌಸರಿನಲ್ಲಿ ಬೋರ್ಡಿನ ವಿಳಾಸ ಹಾಕಿ, ಕೊನೆಗೆ ಸ್ಲ್ಯಾಶ್ ಆನ್ ಅಂತ ಹೊಡೆದರೆ ನೀರು.

"ಬೋರ್ಡು ಏನೇನು ಬರೆಯುತ್ತೆ ಅಂತ ಸೀರಿಯಲ್ ಮಾನಿಟರಿನಲ್ಲಿ ನೋಡಿದೆಯಾ?" ಅಂತ ಗೀತಾ ಕೇಳಿದಳು. ಫರ್ಮ್‌ವೇರ್, ಅಂದರೆ ಇಂಥ ಚಿಪ್ಪುಗಳೊಳಗೆ ಓಡುವ ಕೋಡ್, ಬರೆಯುವುದೇ ಅವಳ ಕೆಲಸ, ಹಾಗಾಗಿ ಯಾರನ್ನೂ ಬೇಗ ನಂಬುವುದಿಲ್ಲ.

"ನೋಡಿದೆ. ಫೇವಿಕಾನ್ ಅಂತ ಯಾರೋ ಒಬ್ಬ ಪದೇ ಪದೇ ಬರ್ತಾ ಇದ್ದಾನೆ."

ಗೀತಾ ಕಾಫಿ ಲೋಟ ಕೆಳಗಿಟ್ಟಳು. "ಅದು ಟ್ಯಾಬಿನ ಪಕ್ಕ ಕಾಣುವ ಪುಟ್ಟ ಚಿತ್ರ ಕಣೋ. ನೀನು ಕೇಳದಿದ್ದರೂ ಬ್ರೌಸರ್ ಕೇಳುತ್ತದೆ. ಅಂಥದ್ದು ಇಲ್ಲ ಅಂತ 404 ಕಳಿಸಿ ಸುಮ್ನಿರು."

"ಸರಿ, ರಾತ್ರಿ ಹತ್ತೂವರೆಗೆ ಸ್ಲ್ಯಾಶ್ ಆನ್ ಕೇಳಿದ್ದು ಯಾರು?"

"ಕೇಳಿದವನ ವಿಳಾಸ, ಐಪಿ, ಯಾವುದು?"

ಮಂಜ ಲ್ಯಾಪ್‌ಟಾಪ್ ತಿರುಗಿಸಿದ. ಕೊನೆಯ ಅಂಕಿ 23. ಜೊತೆಗಿದ್ದ ಶಶಿ ಮಾತಾಡದೆ ಮಂಜನ ಫೋನನ್ನೇ ಎತ್ತಿ ವೈಫೈ ಸೆಟ್ಟಿಂಗ್ ತೆಗೆದ. 23.

ಆಗಿದ್ದು ಇಷ್ಟು. ಮಂಜ ಸಂಜೆ ಮೋಟಾರ್ ಹಾಕಿ ಟ್ಯಾಬನ್ನು ಹಾಗೇ ಬಿಟ್ಟಿರುತ್ತಾನೆ. ಮೆಮೊರಿ ಸಾಲದೆ ಫೋನು ಆ ಪೇಜನ್ನು ಬಿಟ್ಟುಬಿಟ್ಟಿರುತ್ತದೆ. ರಾತ್ರಿ ಕ್ರಿಕೆಟ್ ಸ್ಕೋರ್ ನೋಡೋಣ ಅಂತ ಇವನು ಬ್ರೌಸರ್ ತೆಗೆದ ಕೂಡಲೇ ಅದು ಹಳೇ ಟ್ಯಾಬನ್ನು ಬಹಳ ನಿಷ್ಠೆಯಿಂದ ಮತ್ತೆ ಲೋಡ್ ಮಾಡುತ್ತದೆ, ಲೋಡ್ ಅಂದರೆ ಇನ್ನೇನು, ಸ್ಲ್ಯಾಶ್ ಆನ್ ಅಂತ ಇನ್ನೊಂದು ಗೆಟ್, ಅಂದರೆ ಬ್ರೌಸರ್ ಪೇಜು ಕೇಳುವ ಮನವಿ. ಇತ್ತ ಸ್ಕೋರು, ಅತ್ತ ನೀರು.

"ಗೆಟ್ ಇರುವುದು ಕೇಳೋಕೆ, ಕೆಲಸ ಮಾಡಿಸೋಕೆ ಅಲ್ಲ" ಅಂದಳು ಗೀತಾ. "ವೆಬ್ಬಿನ ನಿಯಮ ಬರೆದಿಟ್ಟ ದಾಖಲೆ, 1999ರ ಆರ್‌ಎಫ್‌ಸಿ 2616ರಲ್ಲೇ ಇದನ್ನು ಬರೆದಿದ್ದಾರೆ, 2022ರ 9110ರಲ್ಲೂ ಬರೆದಿದ್ದಾರೆ. ಒಂದು ಫಾರ್ಮ್ ಮಾಡು, ಒಂದು ಬಟನ್ ಇಡು, ಬಟನ್ ಒತ್ತಿದಾಗ ಹೋಗುವ ಪೋಸ್ಟ್ ಬಂದರೆ ಮಾತ್ರ ರಿಲೇ ಮುಟ್ಟು. ಆಮೇಲೆ ಬೇರೆ ಪೇಜ್ ನೋಡು ಅನ್ನುವ 303 ಕೊಟ್ಟು ಮುಖ್ಯ ಪೇಜಿಗೆ ಅಟ್ಟು. ಅಲ್ಲಿ ಎಷ್ಟು ಸಲ ರಿಫ್ರೆಶ್ ಹೊಡೆದರೂ ಮೋಟಾರ್ ಓಡ್ತಿದೆಯೋ ನಿಂತಿದೆಯೋ ಅಂತ ತೋರಿಸುತ್ತದೆ, ಅಷ್ಟೇ."

"ಗೋಡೆ ಮೇಲಿನ ಸ್ವಿಚ್ಚಿಗೆ ಆರ್‌ಎಫ್‌ಸಿ ನಂಬರ್ ಎಷ್ಟು?" ಇದು ಶಶಿ. ಅವನಿಗೆ ಯಾರೂ ಉತ್ತರ ಕೊಡಲಿಲ್ಲ.

ಮಂಜನದು ಇನ್ನೊಂದು ದೂರು. ಆಫ್ ಒತ್ತಿದರೆ ಆಫ್ ಆಗುವುದಿಲ್ಲ. ಬೋರ್ಡು ಸತ್ತಿದೆ ಅನ್ನೋಣ ಅಂದರೆ ಇದ್ದೀಯಾ ಅಂತ ಪಿಂಗ್ ಹೊಡೆದರೆ ಉತ್ತರ ಬರುತ್ತದೆ, ಪೇಜ್ ಮಾತ್ರ ಬರುವುದಿಲ್ಲ. ಗೀತಾ ಕೋಡ್ ನೋಡಿದಳು. ಆನ್ ಹ್ಯಾಂಡ್ಲರಿನಲ್ಲಿ, ಅಂದರೆ ಸ್ಲ್ಯಾಶ್ ಆನ್ ಬಂದಾಗ ಓಡುವ ಕೋಡಿನಲ್ಲಿ, ರಿಲೇ ಹಾಕು, ಪೇಜ್ ಕಳಿಸು, ಆಮೇಲೆ 20 ನಿಮಿಷದ ಡಿಲೇ, ಆಮೇಲೆ ರಿಲೇ ತೆಗೆ. ಡಿಲೇ ನಡೆಯುವಾಗ ವೈಫೈ ಉಸಿರಾಡುತ್ತದೆ, ಅದಕ್ಕೇ ಪಿಂಗ್ ಸಿಗುತ್ತದೆ. ಆದರೆ ಸದಾ ಸುತ್ತುತ್ತಿರಬೇಕಾದ ಲೂಪಿಗೆ ವಾಪಸ್ ಬಂದು, ಹೊಸ ಮನವಿ ನೋಡಿಕೊಳ್ಳುವ ಹ್ಯಾಂಡಲ್‌ಕ್ಲೈಂಟ್ ಅನ್ನು ಕರೆಯುವವರು ಯಾರು?

"ಇದು ಕೌಂಟರು, ಅಡುಗೆ ಎರಡನ್ನೂ ಒಬ್ಬನೇ ನೋಡಿಕೊಳ್ಳುವ ಕ್ಯಾಂಟೀನು. ನೀನು ಅವನನ್ನು ಇಡ್ಲಿ ಬೇಯುವ ತನಕ ಒಲೆ ಮುಂದೆ ನಿಲ್ಲಿಸಿದ್ದೀಯ. ಹ್ಯಾಂಡ್ಲರಿನಲ್ಲಿ ಮಿಲಿಸ್, ಅಂದರೆ ಬೋರ್ಡು ಎಣಿಸುವ ಮಿಲಿಸೆಕೆಂಡ್, ಎಷ್ಟು ಅಂತ ಬರೆದಿಟ್ಟುಕೊಂಡು ವಾಪಸ್ ಬಾ, 20 ನಿಮಿಷ ಆಯ್ತಾ ಅಂತ ಲೂಪ್ ನೋಡಿಕೊಳ್ಳಲಿ. ಈಗಿನ ಮಿಲಿಸಿನಿಂದ ಹಳೇದನ್ನು ಕಳೆದು ನೋಡು, ಯಾಕಂದ್ರೆ ಸುಮಾರು 49 ದಿನಕ್ಕೊಮ್ಮೆ ಅದು ಸೊನ್ನೆಗೆ ಬರುತ್ತದೆ."

"ಡಿಲೇ ಇಲ್ಲದಾಗಲೂ ಒಮ್ಮೊಮ್ಮೆ ಐದು ಸೆಕೆಂಡ್ ತೂಕಡಿಸುತ್ತಲ್ಲಾ?"

"ಅದು ಕ್ರೋಮಿನ ಚಾಳಿ. ಮುಂದೆ ಬೇಕಾಗಬಹುದು ಅಂತ ಮೊದಲೇ ಒಂದು ಕನೆಕ್ಷನ್ ತೆಗೆದು ಇಟ್ಟುಕೊಳ್ಳುತ್ತದೆ. ಕೌಂಟರ್ ಮುಂದೆ ಬಂದು ನಿಂತ, ಏನು ಬೇಕು ಅಂತ ಹೇಳಲ್ಲ. ನೀನು ಹಾಕಿರುವ ವೆಬ್ ಸರ್ವರ್ ಲೈಬ್ರರಿ ಒಂದು ಸಲಕ್ಕೆ ಒಬ್ಬರನ್ನೇ ನೋಡೋದು, ಅವನ ಬಾಯಿ ನೋಡ್ತಾ ಐದು ಸೆಕೆಂಡ್ ಕಾಯುತ್ತದೆ. ಜಾಸ್ತಿ ತೊಂದರೆ ಅನ್ನಿಸಿದರೆ ಒಟ್ಟಿಗೆ ಹಲವರನ್ನು ನೋಡುವ ಅಸಿಂಕ್ ಲೈಬ್ರರಿ ಹಾಕಿಕೋ. ಆದರೆ ಅದರ ಹ್ಯಾಂಡ್ಲರ್ ಒಳಗೆ ಡಿಲೇ ಬರೆದರೆ ನಾನು ನಿನ್ನ ಮನೆಗೆ ಬರಲ್ಲ."

ಕೋಡಿನ ಕೆಳಗೆ ಸಾಯಿಬಾಬಾ ಫೋಟೋ ಒಂದನ್ನು ಬೇಸ್64 ಮಾಡಿ, ಅಂದರೆ ಅಕ್ಷರಗಳಾಗಿ ಬದಲಾಯಿಸಿ, ಮಂಜ ಪೂರ್ತಿ ಸ್ಟ್ರಿಂಗಿಗೆ ತುಂಬಿದ್ದ. ಈ ಚಿಪ್ಪಿನಲ್ಲಿ ನಮ್ಮ ಪಾಲಿಗೆ ಉಳಿಯುವ ರ‍್ಯಾಮ್ 40–50 ಕೆಬಿ. ಪೇಜ್ ತೆಗೆದಾಗ ಬೋರ್ಡು ರೀಸೆಟ್ ಆಗುತ್ತಿದ್ದದ್ದು ಅದಕ್ಕೇ ಇರಬೇಕು. ಫೋಟೋ ಬೋರ್ಡಿನ ಶಾಶ್ವತ ಮೆಮೊರಿ ಫ್ಲ್ಯಾಷಿಗೆ ಹೋಯಿತು, ಭಕ್ತಿಗೆ ಅಲ್ಲಿ ಜಾಗ ಧಾರಾಳವಾಗಿದೆ.

"ಅದೆಲ್ಲ ಇರಲಿ" ಅಂದ ಶಶಿ. "ಟ್ಯಾಂಕ್ ತುಂಬಿದ್ದು ಬೋರ್ಡಿಗೆ ಹೇಗೆ ಗೊತ್ತಾಗುತ್ತೆ? ಯಾವ ಸೆನ್ಸರ್ ಹಾಕಿದ್ದೀಯ?"

"ಎದುರು ಮನೆ ಆಂಟಿ ಕೂಗ್ತಾರೆ."

"ಅವರು ಊರಿಗೆ ಹೋದಾಗ?" ಗೀತಾ ಕೇಳಿದಳು.

"ಅದಕ್ಕೇ 20 ನಿಮಿಷ ಇಟ್ಟಿದ್ದು."