ಗಿಡ್ಡ ಫಾರ್ವರ್ಡ್‌ಗಳು ವೃತ್ತಿಪರ ಐಸ್ ಹಾಕಿಯಲ್ಲಿ ಮಂಕಾಗುವುದೇಕೆ? ಅನುಭವವಿದ್ದವರು ತಿಳಿಸಿ

ನನ್ನ ತಮ್ಮ ಜೂನಿಯರ್ ಹಂತದಲ್ಲಿ ವಿಂಗರ್, ಅಂದರೆ ಅಂಚಿನಲ್ಲಿ ಆಡುವ ಮುಂಚೂಣಿ ಆಟಗಾರ. ವಯಸ್ಸು 18, ಎತ್ತರ 5 ಅಡಿ 7 ಅಂಗುಲ. ಗೋಲುಗಳಿಗೇನೂ ಕೊರತೆಯಿಲ್ಲ. ಆದರೆ ಅವನಂಥ ಮೈಕಟ್ಟಿನ ಹಲವರು ವೃತ್ತಿಪರ ಆಟಕ್ಕೆ ಹೋದ ಕೆಲವೇ ವರ್ಷಗಳಲ್ಲಿ ಹಿಂದೆ ಬಿದ್ದುದನ್ನು ಕಂಡಿದ್ದೇವೆ. ಅವನು ಈಗಿನಿಂದಲೇ ಯಾವುದಕ್ಕೆ ಗಮನ ಕೊಡಬೇಕು?

ಉತ್ತರ 1: ನಾನು 5 ಅಡಿ 8 ಅಂಗುಲದವನು, ಕೆಳಹಂತದ ವೃತ್ತಿಪರ ಲೀಗಿನಲ್ಲಿ ಆರು ಋತು ಆಡಿದ್ದೇನೆ. ಜೂನಿಯರ್‌ನಲ್ಲಿ ಬೋರ್ಡ್ (ಅಂಗಳದ ಸುತ್ತಲಿನ ಗೋಡೆ) ಪಕ್ಕದಲ್ಲಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಸಿಕ್ಕರೆ ತಲೆಯೆತ್ತಿ ನೋಡಲು ಒಂದು ಗಳಿಗೆ ಸಿಗುತ್ತಿತ್ತು. ಮೇಲಕ್ಕೆ ಹೋದ ಮೇಲೆ, ಪಕ್ ನನ್ನ ಸ್ಟಿಕ್ಕಿಗೆ ತಾಗುವಷ್ಟರಲ್ಲಿ ನನಗಿಂತ ಇಪ್ಪತ್ತು ಕಿಲೋ ಭಾರದ ಡಿಫೆನ್ಸ್‌ಮನ್‌ನ ಭುಜ ನನ್ನ ಬೆನ್ನಿಗೆ ಒತ್ತಿರುತ್ತಿತ್ತು. ಮೊದಲ ಎರಡು ಹೆಜ್ಜೆಗಳ ಚುರುಕೇ ನನ್ನ ಬಂಡವಾಳವಾಗಿತ್ತು. ತೊಡೆಸಂದಿನ ಗಾಯದ ನಂತರ ಅದು ಕೂದಲೆಳೆಯಷ್ಟು ಕುಗ್ಗಿತು, ಅಷ್ಟಕ್ಕೇ ನನ್ನ ಆಟ ಮುಗಿಯಿತು. ಎತ್ತರದವನು ವೇಗ ಕಳೆದುಕೊಂಡರೂ ಉದ್ದನೆಯ ತೋಳು ಮತ್ತು ತೂಕ ಅವನನ್ನು ಕೆಲವು ವರ್ಷ ಕಾಪಾಡುತ್ತವೆ. ನಮಗೆ ಆ ಎರಡನೆಯ ಆಸರೆ ಇರುವುದಿಲ್ಲ. ಪಕ್ ಬರುವ ಮೊದಲೇ ಭುಜದಾಚೆ ಎರಡು ಬಾರಿ ನೋಡುವುದನ್ನು ನಾನು ಕಲಿತದ್ದು ತಡವಾಗಿ. ನಿಮ್ಮ ತಮ್ಮ ಅದನ್ನು ಈಗಲೇ ಮೈಗೂಡಿಸಿಕೊಳ್ಳಲಿ.

ಉತ್ತರ 2: ತರಬೇತುದಾರನಾಗಿ ಒಂದು ಮಾತು ಸೇರಿಸುತ್ತೇನೆ. ಗೋಲುಗಳು ಬತ್ತಿದಾಗ ದೊಡ್ಡ ಆಟಗಾರನನ್ನು ನಾಲ್ಕನೆಯ ಲೈನಿಗೆ (ಕಡಿಮೆ ಹೊತ್ತು ಆಡುವ ಕೊನೆಯ ಫಾರ್ವರ್ಡ್ ಗುಂಪಿಗೆ) ಇಳಿಸಿ, ಎದುರಾಳಿಗೆ ಡಿಕ್ಕಿ ಹೊಡೆಯಲು, ಶಾಟ್‌ಗಳಿಗೆ ಮೈಯೊಡ್ಡಲು ಬಳಸುತ್ತೇವೆ. ಚಿಕ್ಕವನಿಗೆ ಆ ಜಾಗವನ್ನು ಕೊಡುವವರು ಕಡಿಮೆ, ಆದ್ದರಿಂದ ಅವನು ನೇರವಾಗಿ ತಂಡದಿಂದಲೇ ಹೊರಬೀಳುತ್ತಾನೆ. ಇದು ನ್ಯಾಯವಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಪೆನಾಲ್ಟಿ ಕಿಲ್ಲಿಂಗ್ (ದಂಡನೆಯಿಂದ ತಂಡದಲ್ಲಿ ಒಬ್ಬ ಕಡಿಮೆಯಾದಾಗ ಗೋಲು ಬೀಳದಂತೆ ತಡೆಯುವುದು) ಕಲಿತವನಿಗೆ ಮಾತ್ರ ಇನ್ನೊಂದು ಬಾಗಿಲು ತೆರೆದಿರುತ್ತದೆ. 5 ಅಡಿ 8 ಅಂಗುಲದ ಮಾರ್ಟಿನ್ ಸೇಂಟ್ ಲೂಯಿಸ್ ಅವರನ್ನು ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಯುವ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಯಾವ ತಂಡವೂ ಆರಿಸಲಿಲ್ಲ. ಆದರೂ 2004ರಲ್ಲಿ ಉತ್ತರ ಅಮೆರಿಕದ ಪ್ರಮುಖ ಲೀಗ್ ಎನ್‌ಎಚ್‌ಎಲ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ಅವರು, 2013ರಲ್ಲಿ, 37ನೆಯ ವಯಸ್ಸಿನಲ್ಲಿ, ಅದನ್ನೇ ಮತ್ತೆ ಸಾಧಿಸಿದರು. 2005ರಿಂದ ಸ್ಟಿಕ್ಕಿನಿಂದ ಕೊಕ್ಕೆ ಹಾಕುವುದು, ಹಿಡಿದು ನಿಲ್ಲಿಸುವುದು ಇವುಗಳಿಗೆ ಕಟ್ಟುನಿಟ್ಟಾಗಿ ದಂಡನೆ ವಿಧಿಸತೊಡಗಿದ್ದು ಇಂಥವರಿಗೆ ನೆರವಾಯಿತು. ಆದರೆ ಗೋಲಿನ ಮುಂದಿನ ತಳ್ಳಾಟ ಹಾಗೆಯೇ ಉಳಿದಿದೆ.

ಉತ್ತರ 3: ಯುರೋಪನ್ನೂ ಪರಿಗಣಿಸಿ. ಎನ್‌ಎಚ್‌ಎಲ್ ರಿಂಕಿನ (ಹಿಮದ ಅಂಗಳದ) ಅಗಲ ಸುಮಾರು 26 ಮೀಟರ್. ಯುರೋಪಿನ ಹಲವು ರಿಂಕ್‌ಗಳದು 30 ಮೀಟರ್‌ವರೆಗೂ ಇದೆ, ಹಾಗಾಗಿ ತಪ್ಪಿಸಿಕೊಳ್ಳಲು ಜಾಗ ಹೆಚ್ಚು. ನನ್ನ ಮಗ ಅಲ್ಲಿ ಆಡಲಾರಂಭಿಸಿದ ಮೇಲೆ ಬೋರ್ಡಿನಿಂದ ದೂರ ಸರಿದು ಪಕ್ ಪಡೆಯುವುದನ್ನು ರೂಢಿಸಿಕೊಂಡ, ಎರಡು ಋತುಗಳಿಂದ ಅವನ ಭುಜಕ್ಕೆ ಪೆಟ್ಟಾಗಿಲ್ಲ.